‘ನನ್ನ ಅಭಿಪ್ರಾಯ, ಅಷ್ಟೆ’

ದಿನಕ್ಕೆ ಎಷ್ಟು ಸಲ ಈ ಮಾತು ಕೇಳ್ತೀವಿ ನೋಡಿ. ಆಫೀಸಿನ ಮೀಟಿಂಗಿನಲ್ಲಿ, ಟೀ ಅಂಗಡಿಯ ಮುಂದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ. ಯಾರೋ ಒಬ್ಬರು ಯಾವುದೋ ವಿಷಯದ ಬಗ್ಗೆ ಖಡಕ್ಕಾಗಿ ಒಂದು ಮಾತು ಹೇಳ್ತಾರೆ. ಎದುರಿಗಿದ್ದವರ ಮುಖ ಸ್ವಲ್ಪ ಬದಲಾಗುತ್ತೆ. ತಕ್ಷಣ ಹಿಂದೆಯೇ ಇನ್ನೊಂದು ವಾಕ್ಯ ಬರುತ್ತೆ: “ನಾನು ನನ್ನ ಅಭಿಪ್ರಾಯ ಹೇಳ್ದೆ, ಅಷ್ಟೆ.”

ಈ ‘ಅಷ್ಟೆ’ ಮೇಲೆ ನನಗೆ ಬಹಳ ದಿನದಿಂದ ಕಣ್ಣು. ಮೇಲ್ನೋಟಕ್ಕೆ ಅದು ವಿನಯದ ಪದ. ನಾನು ಹೇಳಿದ್ದೇ ಸತ್ಯ ಅಂತೇನಿಲ್ಲ, ಇದು ನನಗೆ ಅನಿಸಿದ್ದು ಮಾತ್ರ ಅನ್ನೋ ಹಾಗೆ. ಆದರೆ ಅದು ಮಾಡೋ ಕೆಲಸ ಬೇರೆ. ಇನ್ನು ಇದರ ಬಗ್ಗೆ ನನ್ನನ್ನ ಕೇಳಬೇಡಿ, ಕೇಳಿದರೂ ಉತ್ತರ ಕೊಡಲ್ಲ ಅಂತ ಅದು ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತೆ. ನಾವು ಜೋರಾಗಿ ಹೇಳಿದ ಮಾತಿನ ಜವಾಬ್ದಾರಿಯಿಂದ ನಮ್ಮನ್ನ ನಾವೇ ಬಿಡುಗಡೆ ಮಾಡಿಕೊಳ್ಳೋಕೆ ಇಷ್ಟು ಚಿಕ್ಕ ಪದ ಸಾಕಾಗುತ್ತೆ.

ಅಭಿಪ್ರಾಯ ಹೇಳೋ ಹಕ್ಕಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಹಕ್ಕಿನ ಪ್ರಶ್ನೆ ಮುಗಿದ ಮೇಲೆ ಉಳಿಯೋ ಪ್ರಶ್ನೆ ನನ್ನದು. ಹೇಳಿ ಮುಗಿಸಿದ ಮೇಲೆ ನನಗೂ ಕೇಳಿದವರಿಗೂ ನಡುವೆ ಏನಾದರೂ ಬಾಕಿ ಉಳಿಯುತ್ತಾ? ಅಥವಾ ನಿಜವಾಗಿಯೂ ‘ಅಷ್ಟೆ’ನಾ?

ಕನ್ನಡದಲ್ಲಿ ‘ಮಾತು’ ಅನ್ನೋ ಪದವನ್ನ ನಾವು ಹೇಗೆಲ್ಲ ಬಳಸ್ತೀವಿ ಅಂತ ಒಮ್ಮೆ ಗಮನಿಸಿ. ಮಾತು ಆಡ್ತೀವಿ, ಸರಿ. ಮಾತು ‘ಕೊಡ್ತೀವಿ’ ಕೂಡ. ಕೊಟ್ಟ ಮೇಲೆ ಅದು ಸಾಲ ಇದ್ದ ಹಾಗೆ, ತೀರಿಸಲೇಬೇಕು. “ನಮ್ಮ ಹುಡುಗ ಮಾತು ಕೇಳಲ್ಲ ಕಣ್ರೀ” ಅಂತ ತಾಯಿ ಅಂದ್ರೆ ಅವನಿಗೆ ಕಿವಿ ಕೇಳಿಸಲ್ಲ ಅಂತ ಅರ್ಥ ಅಲ್ಲ. ಇನ್ನು ಅಣ್ಣತಮ್ಮಂದಿರ ನಡುವೆ ಏನೋ ಆಗಿ ಸಂಬಂಧ ಮುರಿದರೆ ಊರಿನವರು ಹೇಳೋದು, “ಅವರಿಬ್ಬರೂ ಮಾತು ಬಿಟ್ಟಿದ್ದಾರೆ” ಅಂತ. ಜಮೀನು ಭಾಗ ಆಗಿದ್ದು, ನಡುವೆ ಗೋಡೆ ಎದ್ದಿದ್ದು, ಕೋರ್ಟಿಗೆ ಹೋಗಿದ್ದು, ಇವೆಲ್ಲ ವಿವರ. ಮಾತು ಬಿಟ್ಟಿದ್ದೇ ಸುದ್ದಿ. ಮಾತಿಗೂ ಸಂಬಂಧಕ್ಕೂ ಇಷ್ಟು ಗಟ್ಟಿ ಗಂಟು ಹಾಕಿರೋ ಭಾಷೆಯಲ್ಲಿ ‘ಹೇಳಿದೆ, ಅಷ್ಟೆ’ ಅನ್ನೋದು ಸ್ವಲ್ಪ ವಿಚಿತ್ರವಾಗಿಯೇ ಕೇಳಿಸಬೇಕಿತ್ತು. ನಮಗೆ ಕೇಳಿಸುತ್ತಿಲ್ಲ, ಯಾಕಂದ್ರೆ ನಾವು ಯಾರ ಬಗ್ಗೆ ಮಾತಾಡ್ತೀವೋ ಅವರು ಸಾಮಾನ್ಯವಾಗಿ ಆ ಜಾಗದಲ್ಲಿ ಇರೋದೇ ಇಲ್ಲ.

ಇದನ್ನ ಬರೀ ತತ್ವವಾಗಿ ಹೇಳಿದರೆ ಗಾಳಿಗೆ ಹೋಗುತ್ತೆ. ನಮ್ಮ ಕಡೆಯ ಒಂದು ಉದಾಹರಣೆಯಿಂದಲೇ ಹೇಳ್ತೀನಿ.

ನಮ್ಮೂರು ನ್ಯಾಮತಿ. ನಾವು ಮನೆ ಬದಲಾಯಿಸಲಿಲ್ಲ, ಆದರೂ ವಿಳಾಸ ಎರಡು ಸಲ ಬದಲಾಯಿತು. ಮೊದಲು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಬಿಟ್ಟು ಇತ್ತ ಬಂದವು, ಜಗಳೂರು ಚಿತ್ರದುರ್ಗ ಬಿಟ್ಟು ಬಂತು. ಆಮೇಲೆ 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ನ್ಯಾಮತಿಯೂ ಒಂದಾಯಿತು. ಇವತ್ತು ಜಿಲ್ಲೆಯ 6 ತಾಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಡಿಸಿ ಆಫೀಸು ಒಂದೇ, ದೊಡ್ಡ ಆಸ್ಪತ್ರೆಗೆ ಹೋಗೋ ಊರು ಒಂದೇ, ಮಂಡಕ್ಕಿ ಮಿರ್ಚಿ ತಿನ್ನೋ ಚಪಲವೂ ಒಂದೇ.

ನೀರು ಮಾತ್ರ ಒಂದಲ್ಲ. ಚನ್ನಗಿರಿ ಅಡಿಕೆಯ ನಾಡು, ಅಲ್ಲಿನ ತೋಟಗಳಿಗೆ ಭದ್ರಾ ನಾಲೆ ಜೀವ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರೀತಾಳೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿದ ಮೇಲಿನ ಹೊಳೆ ಅದು, ಮಳೆ ಜೋರಾದರೆ ತಗ್ಗಿನ ಮನೆಗಳಿಗೂ ಬಂದು ಹೋಗುತ್ತೆ. ಜಗಳೂರು ಬಯಲುಸೀಮೆ. ಮೋಡ ನೋಡಿಕೊಂಡು ಮೆಕ್ಕೆಜೋಳ, ಶೇಂಗಾ ಬಿತ್ತೋ ಜಾಗ. ತುಂಗಭದ್ರೆಯಿಂದ ಪೈಪಿನಲ್ಲಿ ನೀರೆತ್ತಿ ತಾಲೂಕಿನ 57 ಕೆರೆ ತುಂಬಿಸಬೇಕು ಅನ್ನೋದು ಅಲ್ಲಿನ ಜನ ವರ್ಷಗಟ್ಟಲೆ ಕೂಗಿ ಪಡೆದ ಯೋಜನೆ.

ಇನ್ನೊಂದು ದೊಡ್ಡ ಯೋಜನೆ ಭದ್ರಾ ಮೇಲ್ದಂಡೆ. ತುಂಗೆಯಿಂದ 17.40 ಟಿಎಂಸಿ ನೀರು ಎತ್ತಿ ಭದ್ರಾ ಜಲಾಶಯಕ್ಕೆ ಹಾಕೋದು, ಜಲಾಶಯದಿಂದ ಒಟ್ಟು 29.90 ಟಿಎಂಸಿ ಎತ್ತಿ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಣ ಭಾಗಕ್ಕೂ ದಾವಣಗೆರೆ ಜಿಲ್ಲೆಯ ಜಗಳೂರಿಗೂ ಕೊಡೋದು. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಅಂತ ಘೋಷಣೆಯೂ ಆಯಿತು. ಅಂದ್ರೆ ಲೆಕ್ಕ ಇಷ್ಟು: ಒಂದೇ ಜಿಲ್ಲೆ, ಒಂದೇ ಜಲಾಶಯ. ಹಳೇ ನಾಲೆಯಲ್ಲಿ ಚನ್ನಗಿರಿಯವರು ಕಾಯ್ತಾರೆ, ಹೊಸ ಕಾಲುವೆಯ ದಾರಿಯನ್ನ ಜಗಳೂರಿನವರು ಕಾಯ್ತಾರೆ.

2023 ಬರಗಾಲದ ವರ್ಷ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಬೆಂಗಳೂರಿನವರು ಷೇರು ಸೂಚ್ಯಂಕ ನೋಡೋ ಹಾಗೆ ನಮ್ಮ ಕಡೆಯವರು ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಆ ಅಂಕಿ ನೋಡ್ತಾರೆ. ಆ ವರ್ಷ ಅಂಕಿ ಏರಲಿಲ್ಲ. ನಾಲೆಗೆ ನೀರು ಎಷ್ಟು ದಿನ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಜಗಳ ಶುರುವಾಯಿತು. ನಮ್ಮ ಆಫೀಸಿನಲ್ಲಿ ಚನ್ನಗಿರಿ ಕಡೆಯ ಗೆಳೆಯನೊಬ್ಬ ಇದ್ದ, ಇವತ್ತೂ ಇದ್ದಾನೆ. ಅಪ್ಪನಿಗೆ ಅಡಿಕೆ ತೋಟ. ಒಂದು ದಿನ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಅವನು ಹೇಳಿದ:

“ಭದ್ರೆ ನೀರು ಮೊದಲು ಅಚ್ಚುಕಟ್ಟಿಗೆ ಸೇರಬೇಕು. ಇಲ್ಲಿ ತೋಟ ಒಣಗ್ತಾ ಇರುವಾಗ ಸುರಂಗ ತೋಡಿ ಇನ್ನೊಂದು ಕಡೆಗೆ ತಗೊಂಡು ಹೋಗೋದು ಅನ್ಯಾಯ. ನನ್ನ ಅಭಿಪ್ರಾಯ, ಅಷ್ಟೆ.”

ಅದೇ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬರು ಚಮಚ ಕೆಳಗಿಟ್ಟರು. ಬೇರೆ ಟೀಮಿನವರು, ಅವತ್ತಷ್ಟೇ ನಮ್ಮ ಜೊತೆ ಕೂತಿದ್ದರು. “ಅಲ್ರೀ, ಆ ‘ಇನ್ನೊಂದು ಕಡೆ’ ಅಂದ್ರೆ ನಾನೇ. ನಮ್ಮದು ಜಗಳೂರು.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾನು ಮಧ್ಯದ ತಾಲೂಕಿನವರ ಹಾಗೆ ಮಜ್ಜಿಗೆ ಕುಡೀತಾ ಕೂತಿದ್ದೆ. ಆಮೇಲೆ ಅವರಿಬ್ಬರೂ ಮಾತಾಡೋಕೆ ಶುರು ಮಾಡಿದರು. ಊಟದ ಸಮಯ ಮುಗಿದರೂ ಮಾತು ಮುಗಿಯಲಿಲ್ಲ, ಮುಂದಿನ ವಾರವೂ ನಡೀತು. ಅವರು ಹೇಳಿದ್ದು, ಬೇಸಿಗೆಯಲ್ಲಿ ಟ್ಯಾಂಕರ್ ಬರೋ ಹೊತ್ತಿಗೆ ಅಮ್ಮ ಮನೆಯಲ್ಲಿ ಇರಲೇಬೇಕು, ಅವತ್ತು ನೆಂಟರ ಮನೆಯ ಕಾರ್ಯಕ್ಕೂ ಹೋಗೋಹಾಗಿಲ್ಲ ಅಂತ. ಇವನು ಹೇಳಿದ್ದು, ಭತ್ತ ಒಂದು ಬೆಳೆ ಹೋದರೆ ಮುಂದಿನ ಬೆಳೆ ಇದೆ, ಅಡಿಕೆ ಹಾಗಲ್ಲ, ಗಿಡ ಫಸಲಿಗೆ ಬರೋಕೆ ಐದಾರು ವರ್ಷ ಸಾಕಬೇಕು, ಒಂದು ಬೇಸಿಗೆ ಒಣಗಿದರೆ ಅಷ್ಟೂ ವರ್ಷ ಹೋಯಿತು ಅಂತ. ಅದು ಅವರಿಗೆ ಗೊತ್ತಿರಲಿಲ್ಲ. ಟ್ಯಾಂಕರಿನ ದಿನದ ಬಗ್ಗೆ ಇವನಿಗೆ ಗೊತ್ತಿರಲಿಲ್ಲ.

ಕೊನೆಗೆ ಏನಾಯಿತು ಅಂದ್ರೆ, ಯಾರೂ ಪಕ್ಷ ಬದಲಾಯಿಸಲಿಲ್ಲ. ಅಚ್ಚುಕಟ್ಟಿಗೇ ಮೊದಲ ಹಕ್ಕು ಅಂತ ಅವನು ಇವತ್ತೂ ಹೇಳ್ತಾನೆ. ಆದರೆ ವಾಕ್ಯ ಬದಲಾಗಿದೆ. “ಜಗಳೂರಿಗೆ ನೀರು ಬೇಡ ಅಂತ ನಾನು ಹೇಳ್ತಿಲ್ಲ. ಮೊದಲು ತುಂಗೆಯಿಂದ ಬರಬೇಕಾದ 17.40 ಟಿಎಂಸಿ ಭದ್ರೆಗೆ ಬರಲಿ, ಆಮೇಲೆ ಸುರಂಗಕ್ಕೆ ಬಿಡಲಿ” ಅಂತಾನೆ. ಅದಕ್ಕೆ ಅವರು, “ಆ ‘ಆಮೇಲೆ’ ಯಾವ ವರ್ಷ ಅಂತ ಹೇಳಿ, ಒಪ್ಕೋತೀನಿ” ಅಂತಾರೆ. ಮೊದಲ ದಿನದ ಮಾತಿನಲ್ಲಿ ಬರೀ ಸಿಟ್ಟಿತ್ತು. ಈ ಮಾತಿನಲ್ಲಿ ಲೆಕ್ಕ ಇದೆ, ಷರತ್ತಿದೆ, ಎದುರಿಗಿರೋ ವ್ಯಕ್ತಿ ಇದ್ದಾರೆ. ಇದರ ಮೇಲೆ ಒಂದು ಸಮಿತಿ ಕೂತು ಚರ್ಚೆ ಮಾಡಬಹುದು. ಮೊದಲನೆಯದರ ಮೇಲೆ ರಸ್ತೆ ತಡೆ ಮಾತ್ರ ಮಾಡಬಹುದು.

ನನಗೆ ಇಲ್ಲಿ ಕಂಡದ್ದು ಇಷ್ಟು. ಅಭಿಪ್ರಾಯ ಅನ್ನೋದು ನಾವು ಮನೆಯಲ್ಲಿ ಪೂರ್ತಿ ತಯಾರು ಮಾಡಿಕೊಂಡು ಬಂದು ಹಂಚೋ ಪ್ರಸಾದ ಅಲ್ಲ. ಯಾರ ಮೇಲೆ ಅದರ ಭಾರ ಬೀಳುತ್ತೋ ಅವರ ಎದುರಿಗೆ ಹೇಳಿದಾಗ, ಅವರು ತಿರುಗಿ ಏನಾದರೂ ಅಂದಾಗ, ಅದು ಪೂರ್ತಿಯಾಗೋಕೆ ಶುರುವಾಗುತ್ತೆ. ಅಲ್ಲಿಯವರೆಗೆ ನಮ್ಮ ಹತ್ತಿರ ಇರೋದು ಅರ್ಧ ಬೆಂದ ಅನ್ನ.

“ಇದಕ್ಕೆ ಎದುರಿಗೆ ಯಾಕೆ ಇರಬೇಕು, ಅವರ ಜಾಗದಲ್ಲಿ ನಿಂತು ಯೋಚಿಸಿದರೆ ಸಾಲದಾ?” ಅಂತ ಕೇಳಬಹುದು. ಕೇಳಿದವರು ದೊಡ್ಡವರೇ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರ ತಮ್ಮ ಗ್ರಂಥದಲ್ಲಿ ಒಳ್ಳೆಯ ವಿವೇಚನೆಗೆ ಬೇಕಾದ ನಿಯಮಗಳಲ್ಲಿ ಇದನ್ನೂ ಒಂದಾಗಿ ಹೇಳ್ತಾರೆ: ಉಳಿದೆಲ್ಲರ ಜಾಗದಲ್ಲಿ ನಿಂತು ಯೋಚಿಸು ಅಂತ. ಒಳ್ಳೆಯ ನಿಯಮವೇ. ಆದರೆ ನನ್ನ ಗೆಳೆಯ ತನ್ನಷ್ಟಕ್ಕೆ ಕೂತು ಜಗಳೂರಿನ ಜಾಗದಲ್ಲಿ ನಿಂತು ಯೋಚಿಸಿದ್ದರೆ, ಅವನು ನಿಂತಿರುತ್ತಿದ್ದದ್ದು ಅವನ ಕಲ್ಪನೆಯ ಜಗಳೂರಿನಲ್ಲಿ. ಅಲ್ಲಿ ಬಿರುಕು ಬಿಟ್ಟ ನೆಲ ಇರ್ತಿತ್ತು, ಖಾಲಿ ಕೊಡ ಇರ್ತಿತ್ತು, ಪೇಪರಿನಲ್ಲಿ ಬರೋ ಬರಗಾಲದ ಫೋಟೋ ಹಾಗೆ. ಟ್ಯಾಂಕರ್ ಬರೋ ದಿನ ಅಮ್ಮ ಕಾರ್ಯಕ್ಕೆ ಹೋಗಲಾರರು ಅನ್ನೋದು ಇರ್ತಿರಲಿಲ್ಲ. ಮುಖ್ಯವಾಗಿ, “ಆ ‘ಆಮೇಲೆ’ ಯಾವ ವರ್ಷ?” ಅನ್ನೋ ಪ್ರಶ್ನೆ ಇರ್ತಿರಲಿಲ್ಲ. ನಾವು ಕಲ್ಪಿಸಿಕೊಂಡ ಮನುಷ್ಯರು ನಮಗೆ ಕಷ್ಟ ಆಗೋ ಪ್ರಶ್ನೆ ಕೇಳೋದು ಅಪರೂಪ.

ಹಾಗಾದರೆ ಎದುರಿಗೆ ಇರಲು ಸಾಧ್ಯವೇ ಇಲ್ಲದವರ ಕಥೆ ಏನು? ಇಲ್ಲಿ ಚನ್ನಗಿರಿಯವರೇ ಆದ ಒಬ್ಬರು ನೆನಪಾಗ್ತಾರೆ.

ಜೆ.ಎಚ್. ಪಟೇಲರು ಚನ್ನಗಿರಿ ತಾಲೂಕಿನ ಕಾರಿಗನೂರಿನವರು. ಸಮಾಜವಾದಿ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು ಅಂತ ಅವರನ್ನ ನೆನೆಸಿಕೊಳ್ತೀವಿ. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೀಬೇಕು. ಆ ಎರಡರಲ್ಲೂ ಸರಿಯಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡೋಕೆ ಸಭಾಧ್ಯಕ್ಷರು ಅನುಮತಿ ಕೊಡಬಹುದು. ಪಟೇಲರು ಕಾನೂನು ಓದಿದವರು, ಇಂಗ್ಲಿಷು ಬಾರದವರಲ್ಲ. ಆದರೂ ಕನ್ನಡದಲ್ಲಿ ಮಾತಾಡಿದರು.

ಇದನ್ನ ನಾವು ಸಾಮಾನ್ಯವಾಗಿ ಕನ್ನಡದ ಹೆಮ್ಮೆಯ ಕಥೆಯಾಗಿ ಹೇಳಿ ಚಪ್ಪಾಳೆ ಹೊಡೀತೀವಿ. ಹೆಮ್ಮೆ ಸರಿಯೇ. ಆದರೆ ನನಗೆ ಅದರಲ್ಲಿ ಕಾಡೋ ಪ್ರಶ್ನೆ ಬೇರೆ. ಆ ಸಭೆಯಲ್ಲಿ ಕೂತಿದ್ದವರಲ್ಲಿ ಬಹುಪಾಲು ಜನಕ್ಕೆ ಕನ್ನಡ ಅರ್ಥ ಆಗ್ತಿರಲಿಲ್ಲ. ಅರ್ಥ ಆಗದವರ ಮುಂದೆ ಅಭಿಪ್ರಾಯ ಹೇಳೋದು ಅಂದ್ರೆ ಏನು? ಅದನ್ನ ಹಂಚಿಕೊಳ್ಳೋದು ಅಂತ ಕರೀಬಹುದಾ?

ಯೋಚನೆ ಮಾಡಿದರೆ ಹೀಗೆ ಅನಿಸುತ್ತೆ. ಪ್ರತಿನಿಧಿಯ ಮಾತಿಗೆ ಎರಡು ಕಿವಿ. ಒಂದು ಸಭೆಯ ಒಳಗಿನದು, ಇನ್ನೊಂದು ಅವರನ್ನ ಕಳಿಸಿದ ಊರಿನದು. ಇಂಗ್ಲಿಷಿನಲ್ಲಿ ಮಾತಾಡಿದರೆ ಮೊದಲನೆಯ ಕಿವಿಗೆ ನೇರ ಮುಟ್ಟುತ್ತೆ. ಆದರೆ ಚನ್ನಗಿರಿಯಲ್ಲಿ ಓಟು ಹಾಕಿದ ರೈತನಿಗೆ ತನ್ನ ಹೆಸರಿನಲ್ಲಿ ದೆಹಲಿಯಲ್ಲಿ ಏನು ಹೇಳಲಾಯಿತು ಅನ್ನೋದು ಯಾರೋ ಅನುವಾದಿಸಿ, ಯಾರೋ ಬೇಕಾದಷ್ಟು ಆರಿಸಿ ಹೇಳಿದ ಮೇಲಷ್ಟೇ ಗೊತ್ತಾಗೋದು. ಕನ್ನಡದಲ್ಲಿ ಆಡಿದ ಮಾತು ಹಾಗಲ್ಲ. “ನೀವು ಅಲ್ಲಿ ಹಿಂಗಂದ್ರಂತಲ್ಲ ಪಟೇಲ್ರೇ, ಯಾಕೆ?” ಅಂತ ಸಂತೆಯಲ್ಲಿ ನಿಲ್ಲಿಸಿ ಕೇಳಬಹುದು. ಅಂದ್ರೆ ಯಾವ ಭಾಷೆಯಲ್ಲಿ ಮಾತಾಡ್ತೀನಿ ಅಂತ ಆರಿಸೋದು, ಯಾರಿಗೆ ಉತ್ತರ ಕೊಡೋಕೆ ನಾನು ಸಿದ್ಧ ಅಂತ ಆರಿಸೋದೂ ಹೌದು.

ಉತ್ತರ ಕೊಡುವ ಜನ ಉತ್ತರ ಕೊಟ್ಟರು ಕೂಡ. ಪಟೇಲರನ್ನ ಚನ್ನಗಿರಿಯ ಜನ ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದರು. ಅವರು 1996ರಲ್ಲಿ ಮುಖ್ಯಮಂತ್ರಿ ಆದರು, 1997ರಲ್ಲಿ ಅವರದೇ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು, ನಮ್ಮ ದಾವಣಗೆರೆ ಅದರಲ್ಲೊಂದು. 1999ರಲ್ಲಿ ಅದೇ ಚನ್ನಗಿರಿಯ ಜನ ಮುಖ್ಯಮಂತ್ರಿಯಾಗಿದ್ದವರನ್ನೇ ಸೋಲಿಸಿ ಮನೆಗೆ ಕಳಿಸಿದರು. ಮಾತು ಅರ್ಥವಾಗುವವರು ಮಾತನ್ನ ತಿರಸ್ಕರಿಸಲೂಬಹುದು. ಅರ್ಥವಾಗುವ ಭಾಷೆಯಲ್ಲಿ ಮಾತಾಡೋನು ಆ ಅಪಾಯ ಒಪ್ಪಿಕೊಂಡೇ ಮಾತಾಡ್ತಾನೆ.

ಇಲ್ಲಿ ಒಂದು ಆಕ್ಷೇಪ ಇದೆ, ಅದು ಸಣ್ಣದಲ್ಲ. ಎದುರಿಗೆ ಕೂತವರನ್ನ ಬಿಟ್ಟು ದೂರದಲ್ಲಿರುವ ನಮ್ಮವರಿಗೆ ಕೇಳಿಸೋ ಹಾಗೆ ಮಾತಾಡೋದೇ ಇವತ್ತಿನ ರೋಗ ಅಲ್ವಾ? ಸದನದಲ್ಲಿ ಎದ್ದು ನಿಂತವರ ಕಣ್ಣು ಎದುರು ಸಾಲಿನ ಮೇಲಿರಲ್ಲ, ಸಂಜೆ ಹೊರಡೋ ಮೂವತ್ತು ಸೆಕೆಂಡಿನ ವಿಡಿಯೋ ಮೇಲಿರುತ್ತೆ. ನಾವೂ ಅಷ್ಟೆ. ಗ್ರೂಪಿನಲ್ಲಿ ಒಬ್ಬರಿಗೆ ಉತ್ತರ ಕೊಡೋ ನೆಪದಲ್ಲಿ ಉಳಿದ ಇನ್ನೂರು ಜನಕ್ಕೆ ನಾವೆಂಥವರು ಅಂತ ತೋರಿಸಿಕೊಳ್ತೀವಿ. ಹಾಗಿದ್ದರೆ 1967ರ ಭಾಷಣಕ್ಕೂ ಇವತ್ತಿನ ರೀಲ್ಸಿಗೂ ಏನು ವ್ಯತ್ಯಾಸ?

ವ್ಯತ್ಯಾಸ ಒಂದೇ ಕಡೆ ಇದೆ ಅಂತ ನನಗನಿಸುತ್ತೆ: ಮಾತಾಡಿದವನು ಆಮೇಲೆ ಸಿಗ್ತಾನಾ? ರೀಲ್ಸಿನ ಮಾತು ಕೇಳುಗರನ್ನ ಆರಿಸಿಕೊಳ್ಳೋದೇ ಅವರು ಹೌದು ಅಂತಾರೆ ಅಂತ. ಇಲ್ಲ ಅನ್ನೋರು ಬಂದರೆ ಬ್ಲಾಕು, ಇಲ್ಲ ಬೈಗುಳ. ಊರಿಗೆ ಕೇಳಿಸಲಿ ಅಂತ ಆಡಿದ ಮಾತು ಊರು ತಿರುಗಿಬಿದ್ದರೂ ಊರಿನಲ್ಲೇ ಇರುತ್ತೆ. ಹಾಗಂತ ಸಭೆಯ ಒಳಗಿನವರನ್ನ ಬಿಟ್ಟುಬಿಡೋದೂ ಸರಿಯಲ್ಲ. ಅವರಿಗೂ ಮುಟ್ಟಬೇಕು. ಅದಕ್ಕೆ ಅನುವಾದಕರು ಬೇಕು, ವ್ಯವಸ್ಥೆ ಬೇಕು. ಇವತ್ತು ಲೋಕಸಭೆಯಲ್ಲಿ ಕನ್ನಡದ ಮಾತಿಗೂ ತಕ್ಷಣ ಅನುವಾದ ಕೇಳೋ ಸೌಲಭ್ಯ ಇದೆ. ಎರಡು ಕಿವಿಗೂ ಮುಟ್ಟಿಸೋ ಕೆಲಸ ಇದು. ಇದಕ್ಕೆ ಖರ್ಚಿದೆ, ಶ್ರಮ ಇದೆ. ನಂಟು ಅಂದ್ರೆ ಆ ಶ್ರಮವೇ.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನ ಎತ್ತಿದ್ದು ಆ ಜಗಳೂರಿನ ಸಹೋದ್ಯೋಗಿಯೇ. ನಾನು ಒಂದು ದಿನ ಈ ವಾದವನ್ನೆಲ್ಲ ಅವರ ಮುಂದೆ ಹೇಳಿ, ಹಿಂದೆ ಊರಿನ ಕಟ್ಟೆ ಮೇಲೆ ಎಲ್ಲ ಮುಖಾಮುಖಿ ತೀರ್ಮಾನ ಆಗ್ತಿತ್ತು ಅನ್ನೋ ಅರ್ಥದಲ್ಲಿ ಏನೋ ಅಂದಾಗ ಅವರು ನಕ್ಕುಬಿಟ್ಟರು. “ಕಟ್ಟೆ ಮೇಲೆ ನಮಗೆಲ್ಲಿ ಜಾಗ ಇತ್ತು ರೀ? ನಮ್ಮಮ್ಮ ಆ ಕಟ್ಟೆ ಮುಂದೆ ಹಾದು ಹೋಗುವಾಗ ತಲೆ ಮೇಲೆ ಸೆರಗು ಹಾಕ್ಕೊಂಡು ಬೇಗ ಬೇಗ ಹೋಗ್ತಿದ್ರು. ಕೇರಿಯವರಂತೂ ಆ ಕಡೆ ಸುಳೀತಿರಲಿಲ್ಲ. ಎದುರಿಗೆ ನಿಂತು ಹೇಳಬೇಕು ಅಂತ ನಿಯಮ ಮಾಡಿದ್ರೆ ಕಟ್ಟೆ ಮೇಲೆ ಕೂತವರೇ ಮಾತಾಡ್ತಾರೆ.”

ಇದು ಪೂರ್ತಿ ನಿಜ. ದೂರದಲ್ಲಿ ನಿಂತು, ಹೆಸರು ಹೇಳದೆ, ಪರಊರಿಗೆ ಬಂದು ಮಾತ್ರ ಬಾಯಿ ಬಿಡೋಕೆ ಸಾಧ್ಯವಾದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ “ಧೈರ್ಯ ಇದ್ರೆ ಎದುರಿಗೆ ಬಂದು ಹೇಳು” ಅನ್ನೋದು ನ್ಯಾಯದ ಮಾತಲ್ಲ, ಬೆದರಿಕೆ.

ಇದಕ್ಕೆ ಚನ್ನಗಿರಿಯಲ್ಲೇ ಒಂದು ಹಳೇ ಕಥೆ ಇದೆ. ಅಲ್ಲಿನ ದೊಡ್ಡ ಕೆರೆ ನಿಮಗೆ ಗೊತ್ತಿರಬಹುದು. ಬೋರ್ಡಿನ ಮೇಲೆ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಚಿತ್ರದುರ್ಗಕ್ಕೆ ಕುಡಿಯೋ ನೀರು ಹೋಗೋದು ಇಲ್ಲಿಂದ. ಕೆರೆ ಕಟ್ಟಿಸಿದವಳು ಶಾಂತವ್ವ ಅನ್ನೋ ರಾಜಕುಮಾರಿ, ಕೆರೆಯಾಗಬೇಕಿದ್ದ ಜಾಗ ಸೂಳೆಯರದಾಗಿತ್ತು, ಜಾಗ ಬಿಟ್ಟುಕೊಡೋಕೆ ಅವರು ಹಾಕಿದ ಷರತ್ತು ಒಂದೇ, ಕೆರೆಗೆ ನಮ್ಮ ಹೆಸರು ಇರಬೇಕು ಅಂತ. ಇದು ಜನ ಹೇಳಿಕೊಂಡು ಬಂದ ಕಥೆ, ಶಾಸನದ ಸಾಕ್ಷಿ ಅಂತ ನಾನು ಮುಂದಿಡ್ತಿಲ್ಲ. ಆದರೆ ಕಥೆಯ ಒಳಗಿನ ಬುದ್ಧಿ ನೋಡಿ. ಯಾವ ಪಂಚಾಯಿತಿಯಲ್ಲೂ ಜಾಗ ಇಲ್ಲದ ಹೆಂಗಸರು ಹಣ ಕೇಳಲಿಲ್ಲ. ಇಲ್ಲಿ ನಾವಿದ್ದೆವು ಅನ್ನೋದು ಊರಿನವರ ಬಾಯಲ್ಲಿ ದಿನಾ ಬರಬೇಕು ಅಂತ ಕೇಳಿದರು. ಆಮೇಲೆ ಬಂದ ಮರ್ಯಾದಸ್ಥರಿಗೆ ಆ ಪದ ಮುಜುಗರ ತಂದಿತು, ಚಂದದ ಹೆಸರು ಬಂತು. ಯಾರಿಗೂ ನೋವಾಗದ ಹೆಸರು. ಆದರೆ ಷರತ್ತು ಹಾಕಿದವರ ಮಾತು ಅದರಲ್ಲಿ ಇಲ್ಲ. ಹನ್ನೆರಡನೇ ಶತಮಾನದ ಶರಣೆ ಸೂಳೆ ಸಂಕವ್ವೆಯ ಹೆಸರನ್ನ ಮಾತ್ರ ಯಾರೂ ತಿದ್ದಲಿಲ್ಲ. ‘ನಿರ್ಲಜ್ಜೇಶ್ವರ’ ಅಂಕಿತದ ಒಂದೇ ಒಂದು ವಚನ ಉಳಿದಿದೆ, ಹೆಸರಿನ ಜೊತೆಗೇ ಉಳಿದಿದೆ.

ಆದ್ದರಿಂದ ನನ್ನ ನಿಯಮವನ್ನ ಸ್ವಲ್ಪ ಬದಲಾಯಿಸಿ ಹೇಳಬೇಕು. ಎಲ್ಲರೂ ಎಲ್ಲರ ಎದುರಿಗೆ ಬಂದು ನಿಲ್ಲಲಿ ಅಂತ ಅಲ್ಲ. ನನ್ನ ಮಾತಿನ ಭಾರ ಯಾರ ಮೇಲೆ ಬೀಳುತ್ತೆ, ಅವರು ತಿರುಗಿ ಮಾತಾಡೋಕೆ ದಾರಿ ಇದೆಯಾ ಅಂತ ನೋಡಬೇಕಾದವನು ನಾನು. ಈ ಬಾಧ್ಯತೆ ಮೇಲಿನಿಂದ ಕೆಳಕ್ಕೆ ಹರೀಬೇಕು, ನಾಲೆಯ ನೀರಿನ ಹಾಗೆ. ನಾಲೆಯ ಮೇಲ್ಭಾಗದಲ್ಲಿ ಇರೋನು ಕೊನೆಭಾಗದವನಿಗೆ ಉತ್ತರ ಕೊಡಬೇಕು. ಕಟ್ಟೆ ಮೇಲೆ ಕೂತವನು ಕೆಳಗೆ ಹಾದು ಹೋಗುವವರಿಗೆ ಉತ್ತರ ಕೊಡಬೇಕು. ಸಂಬಳ ಹೆಚ್ಚಿರೋನು, ಇಂಗ್ಲಿಷು ಚೆನ್ನಾಗಿ ಬರೋನು, ಕೇಳುಗರು ಹೆಚ್ಚಿರೋನು ಮೊದಲು ಸಿಗುವಂತಾಗಬೇಕು. ಸೋತವರು ದೂರದಿಂದ ಕೂಗಿದರೆ ಆ ಕೂಗಿಗೆ ಹೆಸರು, ಊರು ಕೇಳೋದು ಆಮೇಲಿನ ವಿಷಯ.

ನಮ್ಮಂಥವರ ದಿನಚರಿಯಲ್ಲಿ ಇದಕ್ಕೆ ಏನರ್ಥ? ನಾವು ಬೆಂಗಳೂರಿನಲ್ಲೋ ಪುಣೆಯಲ್ಲೋ ಹೊರದೇಶದಲ್ಲೋ ಕೂತು ದಿನಕ್ಕೆ ಹತ್ತು ವಿಷಯದ ಮೇಲೆ ಮಾತಾಡ್ತೀವಿ. ಮನೆಗೆ ಊಟ ತರೋ ಹುಡುಗರ ಬಗ್ಗೆ, ರೈತರ ಸಾಲಮನ್ನಾ ಬಗ್ಗೆ, ಹೆಂಗಸರ ಉಚಿತ ಬಸ್ಸಿನ ಬಗ್ಗೆ, ಮೀಸಲಾತಿ ಬಗ್ಗೆ. ಮಾತಾಡಬಾರದು ಅಂತ ನಾನು ಹೇಳಲ್ಲ. ಮಾತಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದೇ ವಾಕ್ಯವನ್ನ, ಇದೇ ಪದಗಳಲ್ಲಿ, ಅದು ಯಾರ ಬಗ್ಗೆಯೋ ಅವರು ಪಕ್ಕದಲ್ಲಿ ಕೂತಿದ್ದರೆ ಹೇಳ್ತಿದ್ದೆನಾ? ಹೇಳ್ತಿದ್ದೆ ಅನಿಸಿದರೆ ಧಾರಾಳವಾಗಿ ಹೇಳಿ, ಅದು ಕಹಿಯಾಗಿದ್ದರೂ ಸರಿ. ಇಲ್ಲ ಅನಿಸಿದರೆ ವಾಕ್ಯದಲ್ಲೇ ಏನೋ ಕೊರತೆ ಇದೆ. ಬಹಳ ಸಲ ಕೊರತೆ ಇರೋದು ಮಾಹಿತಿಯದು. ನಮಗೆ ಟ್ಯಾಂಕರಿನ ದಿನ ಗೊತ್ತಿರಲ್ಲ.

ಆಮೇಲೆ, ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಹೇಳ್ತಿದ್ದೀವಾ ಅಂತಲೂ ನೋಡಬೇಕು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಸೆಕ್ಯೂರಿಟಿಯವರ ಪಾಳಿ ಬದಲಾಯಿಸೋ ತೀರ್ಮಾನ ಪೂರ್ತಿ ಇಂಗ್ಲಿಷಿನಲ್ಲಿ ಆಗುತ್ತೆ, ಬಾಗಿಲ ಹತ್ತಿರ ನಿಂತವರ ಮುಂದೆಯೇ. ಅವರಿಗೆ ಗೊತ್ತಾಗೋದು ಮರುದಿನ, ನೋಟಿಸಿನಿಂದ. ಸಭೆ ನಡೆಸಿದ ಯಾರೂ ಕೆಟ್ಟವರಲ್ಲ, ಎಲ್ಲರೂ ತಂತಮ್ಮ ಅಭಿಪ್ರಾಯ ಹೇಳಿದವರೇ. ಆದರೆ ಯಾರ ಬದುಕಿನ ಬಗ್ಗೆ ಮಾತು ನಡೀತೋ ಅವರು ತಿರುಗಿ ಒಂದು ಮಾತು ಹೇಳೋ ದಾರಿಯನ್ನ ಭಾಷೆಯೇ ಮುಚ್ಚಿತ್ತು. ಪಟೇಲರು ದೆಹಲಿಯಲ್ಲಿ ತೆರೆದದ್ದು ಇಂಥದೇ ಒಂದು ಬಾಗಿಲನ್ನ. ನಾವು ನಮ್ಮ ಬಿಲ್ಡಿಂಗಿನ ಕ್ಲಬ್‌ಹೌಸಿನಲ್ಲಿ ತೆರೀಬಹುದು, ಅದಕ್ಕೆ ಸಭಾಧ್ಯಕ್ಷರ ಅನುಮತಿ ಬೇಕಾಗಿಲ್ಲ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಹೇಳಿದ ಮೇಲೆ ಸ್ವಲ್ಪ ಹ‌ೊತ್ತು ಅಲ್ಲೇ ಇರೋದು. ಉತ್ತರ ಬರೋವರೆಗೆ. ಬಂದ ಉತ್ತರ ಇಷ್ಟವಾಗದಿದ್ದರೂ. ನಮ್ಮ ಕಾಲದಲ್ಲಿ ಎದ್ದು ಹೋಗೋದು ಎಷ್ಟು ಸುಲಭ ಅಂದ್ರೆ ಎದ್ದು ಹೋದದ್ದು ನಮಗೇ ಗೊತ್ತಾಗಲ್ಲ. ಗ್ರೂಪು ಮ್ಯೂಟ್ ಮಾಡ್ತೀವಿ, ವಿಷಯ ಬದಲಾಯಿಸ್ತೀವಿ, ‘ಅಷ್ಟೆ’ ಅಂತೀವಿ. ಊರಿನಲ್ಲಿ ಹೀಗೆ ಮಾಡಿದರೆ ಅದಕ್ಕೆ ಹೆಸರಿದೆ, ಮಾತು ಬಿಡೋದು ಅಂತ. ಮಾತು ಬಿಟ್ಟ ಮನೆಯವರನ್ನ ಮತ್ತೆ ಸೇರಿಸೋಕೆ ಹಬ್ಬವೋ ಮದುವೆಯೋ ಸಾವೋ ಬರಬೇಕು.

ಜಲಾಶಯದ ಮಟ್ಟ ಒಂದು ವರ್ಷ 186 ಅಡಿ ಮುಟ್ಟುತ್ತೆ, ಇನ್ನೊಂದು ವರ್ಷ ಮುಟ್ಟಲ್ಲ. ಮುಟ್ಟದ ವರ್ಷ ಚನ್ನಗಿರಿಗೆ ಎಷ್ಟು, ಜಗಳೂರಿಗೆ ಎಷ್ಟು ಅನ್ನೋ ಪ್ರಶ್ನೆ ಮತ್ತೆ ಬರುತ್ತೆ, ಎಲ್ಲರಿಗೂ ಒಪ್ಪಿಗೆಯಾಗೋ ಉತ್ತರ ಆಗಲೂ ಸಿಗಲಿಕ್ಕಿಲ್ಲ. ಆದರೆ ಆ ವರ್ಷ ಒಬ್ಬರಿಗೊಬ್ಬರು ಮಾತಾಡುವ ಸ್ಥಿತಿಯಲ್ಲಿ ಇರ್ತೀವಾ ಅನ್ನೋದು ಮಳೆಯ ಕೈಯಲ್ಲಿಲ್ಲ. ನೀರು ತುಂಬಿದ ವರ್ಷಗಳಲ್ಲಿ ನಾವು ಯಾರ ಜೊತೆ, ಹೇಗೆ ಮಾತಾಡಿಕೊಂಡು ಬಂದಿದ್ದೀವಿ ಅನ್ನೋದರ ಮೇಲಿದೆ. ಅಭಿಪ್ರಾಯ ಹೇಳೋದನ್ನ ‘ಅಷ್ಟೆ’ ಅಂತ ಮುಗಿಸಬಾರದು ಅನ್ನೋದಕ್ಕೆ ನನ್ನ ಹತ್ತಿರ ಇರೋ ಕಾರಣ ಇದು. ನಿಮ್ಮದು ಬೇರೆ ಇದ್ದರೆ ಹೇಳಿ, ಕೇಳೋಕೆ ಇಲ್ಲೇ ಇದ್ದೀನಿ.